ಸಕ್ಕರೆ ಕಡಿಮೆಯಾದ ಪೇಡೆ

ನಾನು ತಡೆಯುವಷ್ಟರಲ್ಲಿ ಆ ಹಿರಿಯ ಮಹಿಳೆ ನನ್ನ ಸೋಪನ್ನು ಮುರಿದು ಒಂದು ಚೂರು ಬಾಯಿಗೆ ಹಾಕಿಕೊಂಡಿದ್ದರು. ಮಾದಾಪುರದ ಕರಕುಶಲ ಸಂತೆಗೆ ಮಳಿಗೆದಾರರನ್ನು ಆರಿಸುವವರು ಅವರೇ. ತಪ್ಪು ಅವರದಲ್ಲ. ಮನೆಯಲ್ಲಿ ಮಾಡಿದ ಸೋಪು ಎದ್ದು ಕಾಣಲಿ ಎಂದು ಅದಕ್ಕೆ ಧಾರವಾಡ ಪೇಡೆಯ ರೂಪ ಕೊಟ್ಟು, ಮಿಠಾಯಿ ಡಬ್ಬಿಯಲ್ಲಿಟ್ಟು, ಮುಚ್ಚಳ ತೆಗೆದು ಮುಂದೆ ಹಿಡಿದ ಜಾಣೆ ನಾನು. ತೆರೆದ ಡಬ್ಬಿ ಎದುರಿಗೆ ಬಂದರೆ ನಮ್ಮಲ್ಲಿ ಯಾರು ತಾನೇ ಕೇಳಿ ತಿನ್ನುತ್ತಾರೆ?

ಅವರ ಮುಖ ಹಿಂಡಿದಂತಾಯಿತು. ಆದರೂ ಉಗುಳಲಿಲ್ಲ. ಕಲಬುರಗಿ ಕಡೆಯ ಮರ್ಯಾದಸ್ತರು, ನೀರು ಕುಡಿದು ಮೆಲ್ಲಗೆ ಹೇಳಿದರು: “ಛಲೋ ಐತ್ರಿ. ಸಕ್ಕರಿ ಸ್ವಲ್ಪ ಕಡಿಮಿ ಆಗೈತಿ. ಆದ್ರ ಈ ಸಲ ತಿನ್ನೂ ಸ್ಟಾಲ್ ಎಲ್ಲಾ ತುಂಬ್ಯಾವ ನೋಡ್ರಿ.”

ಸುಮ್ಮನೆ ಎದ್ದು ಬಂದರೆ ಪೇಡೆಯ ಮಾನ ಹೋಗುತ್ತದೆ, ನಿಜ ಹೇಳಿದರೆ ನನ್ನದು. ನನ್ನ ತವರು ಧಾರವಾಡ. ಪೇಡೆಯ ಮಾನವೇ ದೊಡ್ಡದೆನಿಸಿ, “ಮೇಡಂ, ಅದು ಸೋಪ್ ರೀ” ಎಂದೆ.

ಅವರು ಬಾಯಿ ಒರೆಸಿಕೊಂಡು ನಿಟ್ಟುಸಿರು ಬಿಟ್ಟರು. “ಮೊದಲ ಹೇಳಬಾರದೇನ್ರಿ? ಸೋಪಾದ್ರ ಭಾಳ ಛಲೋ ಐತಿ!”

ಮಳಿಗೆ ಸಿಕ್ಕಿತು. ಆದರೆ ಸಂತೆಯ ದಿನವಿಡೀ ನಾನು “ತಗೊಳ್ರಿ” ಎಂದು ಕರೆದದ್ದಕ್ಕಿಂತ “ತಿನ್ನಬ್ಯಾಡ್ರಿ” ಎಂದು ಕೂಗಿದ್ದೇ ಹೆಚ್ಚು.