ಚಪ್ಪಲಿ ಬಿಡುವ ಜಾಗ

ಅಮೆರಿಕದ ಫ್ರೀಮಾಂಟಿನ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಹುಬ್ಬಳ್ಳಿಯ ನೀಲಾಂಬಿಕಾಗೆ ಕನ್ನಡ ಕೂಟದವರೆಂದರೆ ತಲೆನೋವು. ನಶೆಯ ಮಾತ್ರೆ ನುಂಗಿ ಉಸಿರು ಕಟ್ಟಿದ ಹುಡುಗರನ್ನು ಬದುಕಿಸುವ ಮೂಗಿನ ಸ್ಪ್ರೇ ಅವಳ ಕೈಯಲ್ಲಿರುತ್ತದೆ. ಹಬ್ಬಹಬ್ಬಕ್ಕೂ ಒಂದು ಡಬ್ಬಿ ತುಂಬ ತಂದು, ದೇವಸ್ಥಾನದ ಊಟದ ಮೇಜಿನ ಪಕ್ಕ ಪುಕ್ಕಟೆ ಹಂಚಲು ಕೂರುತ್ತಾಳೆ. ಒಬ್ಬರೂ ಮುಟ್ಟುವುದಿಲ್ಲ.

ಈ ಯುಗಾದಿಗೂ ಅದೇ ಹಾಡು. "ನಮ್ ಸಿಂಧು ಕಾಫೀನೂ ಮುಟ್ಟಲ್ಲ ಕಣ್ರೀ," ಎಂದು ಮಂಡ್ಯದ ಕುಸುಮಾ ಮೂತಿ ತಿರುವಿದಳು.

"ಕಾರಿನ್ಯಾಗ ಸ್ಟೆಪ್ನಿ ಇಟ್ಟೀರಿಲ್ಲೋ? ದಿನಾ ಪಂಕ್ಚರ್ ಆಗ್ತದೇನು?" ಎಂದು ನೀಲಾಂಬಿಕಾ ರೇಗಿದಳು. ಕುಸುಮಾ ಒಬ್ಬಟ್ಟಿನ ಕಡೆ ನಡೆದಳು.

ನೀಲಾಂಬಿಕಾಗೆ ಸಾಕಾಗಿ ಹೋಯಿತು. ಎದ್ದು ಹೋಗಿ ಡಬ್ಬಿಯನ್ನು ಬಾಗಿಲಾಚೆ ಚಪ್ಪಲಿ ಬಿಡುವ ಜಾಗದಲ್ಲಿ ಕುಕ್ಕಿ ಬಂದು ಊಟಕ್ಕೆ ಕೂತಳು. ಹೊರಡುವಾಗ ನೋಡಿದರೆ ಡಬ್ಬಿ ಹೆಚ್ಚುಕಡಿಮೆ ಖಾಲಿ. ಶೂ ಹಾಕಿಕೊಂಡ ಹೈಸ್ಕೂಲು ಹುಡುಗಿ, ಕುಸುಮಾಳ ಮಗಳು ಸಿಂಧು, ಕೊನೆಯ ಎರಡನ್ನು ಬ್ಯಾಗಿಗೆ ತುರುಕುತ್ತಿದ್ದಳು.

"ನಿಮ್ಮವ್ವ ಬ್ಯಾಡ ಅಂದ್ರಲ್ಲವಾ?"

"ಅಮ್ಮಂಗೆ ಹೇಳ್ಬೇಡಿ, ಆಂಟಿ. ಹೋದ ತಿಂಗ್ಳು ಒಂದ್ ಪಾರ್ಟೀಲಿ ನನ್ ಫ್ರೆಂಡು ಮಾತ್ರೆ ನುಂಗಿ ಬಿದ್ದಾಗ ಯಾರತ್ರಾನೂ ಇದು ಇರ್ಲಿಲ್ಲ."