ಗವಾಕ್ಷಿಗೆ ಹೊದಿಸಿದ ಗೋಣಿ

ನಮ್ಮ ಚಿಕ್ಕಮ್ಮ ಗಂಗಾಂಬಿಕೆ ಕಪ್ಪು. ಸಿ.ಎಸ್. ಪುರದ ಹೊಲಗಳಲ್ಲಿ ಆಡಿ ಬೆಳೆದವಳು. ಗುಬ್ಬಿಯ ಕೊಬ್ಬರಿ ವ್ಯಾಪಾರಿ ಸದಾಶಿವಯ್ಯನ ಮನೆ ತುಂಬಿದ ಮೇಲೆ, ಅತ್ತೆ ಸರ್ವಮಂಗಳಮ್ಮ ಅವಳ ಬಣ್ಣ ಎತ್ತಿ ಆಡದ ದಿನವಿಲ್ಲ. ೧೯೫೮ರಲ್ಲಿ ಹೆಣ್ಣುಮಗು ಹುಟ್ಟಿದಾಗ, ಇದೂ ತನ್ನ ಹಾಗೇ ಆದರೆ ಗತಿಯೇನು ಎಂಬ ಭಯ ಬಾಣಂತಿ ಕೋಣೆಯಲ್ಲೇ ಅವಳನ್ನು ಹಿಡಿಯಿತು.

ಬಾಣಂತಿಯನ್ನೂ ಕೂಸನ್ನೂ ಕತ್ತಲೆ ಕೋಣೆಯಲ್ಲಿಡುವುದು ಆಗಿನ ಪದ್ಧತಿ. ಕೆಲವು ತಿಂಗಳಿಗೆ ಎಲ್ಲರೂ ಹೊರಗೆ ಬರುತ್ತಿದ್ದರು. ಚಿಕ್ಕಮ್ಮ ಮಗುವನ್ನು ತರಲಿಲ್ಲ. ಚಾವಣಿಯ ಗವಾಕ್ಷಿಗೆ ಗೋಣಿ ಹೊದಿಸಿ, ಮಗಳು ಶಿವಗಂಗೆಗೆ ಕೆನೆ, ಕಡಲೆಹಿಟ್ಟು ತಿಕ್ಕಿ ತಿಕ್ಕಿ, ಒಂದೂವರೆ ವರ್ಷ ಒಳಗೇ ಇಟ್ಟಳು. ಬಣ್ಣ ತಿಳಿಯಾಯಿತೆಂದು ಅತ್ತೆ ಹೊಗಳಿದರಂತೆ. ಆ ಹೊಗಳಿಕೆ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಗೋಡೆ ಹಿಡಿದು ನಿಂತ ಮಗುವಿನ ಕಾಲು ಬಿಲ್ಲಿನ ಹಾಗೆ ಬಾಗತೊಡಗಿತು. ಮಣಿಕಟ್ಟು ಊದಿತು. ಆಮೇಲೆ ನಿಲ್ಲುವುದನ್ನೂ ಬಿಟ್ಟು, ಎತ್ತಿಕೊಂಡರೆ ಚೀರುತ್ತಿತ್ತು. ಮಗಳು ನಡೆಯುವುದೇ ಇಲ್ಲವೇನೋ ಎಂದು ಚಿಕ್ಕಮ್ಮ ಹೆದರಿದಳು. ತುಮಕೂರಿಗೆ ಹೋಗುವಾಗ ಬಸ್ಸಿನಲ್ಲಿ ಯಾರೂ ನೋಡದಂತೆ ಆ ಕಾಲುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಕೂತಿದ್ದಳು.

"ಮೂಳೆ ಮೆತ್ತಗಾಗಿದೆ. ಮೀನೆಣ್ಣೆ ಕುಡಿಸಿ" ಎಂದರು ಡಾಕ್ಟರ್ ಸೀತಾರಾಮಯ್ಯ.

ಚಿಕ್ಕಪ್ಪ ಸದಾಶಿವಯ್ಯ ಬೆಚ್ಚಿಬಿದ್ದ. "ಲಿಂಗ ಕಟ್ಟಿದ ಕೂಸು ಸ್ವಾಮಿ! ಮೀನಿಂದು ಮನೆಯೊಳಕ್ಕೆ ತಂದ್ರೆ ನಮ್ಮವ್ವ ಬಾವಿಗೆ ಬೀಳ್ತಾರೆ."

"ಹಂಗಾದ್ರೆ ದಿನಾ ಬಿಸಿಲಿಗೆ ಕೂರ್ಸಿ."

"ಕಪ್ಪಗಾಗಲ್ವಾ ಡಾಕ್ಟ್ರೇ?" ಎಂದಳು ಚಿಕ್ಕಮ್ಮ.

"ಕಪ್ಪು ರೋಗ ಅಲ್ಲಮ್ಮ. ನಮ್ಮ ಹಿಂದಿನೋರು ಸಾವಿರಾರು ವರ್ಷ ಉರಿಬಿಸಿಲಲ್ಲಿ ಬದುಕಿದ್ರಲ್ಲ, ಅದನ್ನ ತಡ್ಕೊಳ್ಳೋಕೆ ಬಂದ ಬಣ್ಣ. ಬಿಸಿಲು ಕಮ್ಮಿ ಇರೋ ದೇಶಕ್ಕೆ ಹೋದೋರು ತಲೆಮಾರು ತಲೆಮಾರಿಗೆ ಬೆಳ್ಳಗಾದ್ರು. ಸಿಕ್ಕಷ್ಟು ಬಿಸಿಲೂ ಮೈಯೊಳಕ್ಕೆ ಇಳೀಬೇಕಲ್ಲ, ಇಲ್ದಿದ್ರೆ ಮೂಳೆಗೆ ಸುಣ್ಣ ಹಿಡಿಯಲ್ಲ. ಮೀನು ತಿನ್ನೋರಿಗೆ ಬಿಸಿಲು ಕೊಡೋ ಸತ್ವ ಊಟದಲ್ಲೇ ಸಿಕ್ತು. ನಿಮ್ಮನೇಲಿ ಮೀನಿಲ್ಲ. ಬಿಸಿಲನ್ನ ತಡೆಯೋ ಈ ಕೂಸಿನ ಚರ್ಮಕ್ಕೆ ಬೆಳ್ಳಗಿರೋರಿಗಿಂತ ಹೆಚ್ಚೇ ಬಿಸಿಲು ಬೇಕು. ಅದನ್ನೇ ತಪ್ಪಿಸಿದೀರಿ. ನಿಮ್ಮ ಕಾಲು ನೆಟ್ಟಗಿರೋದು ಹೊಲದ ಬಿಸಿಲಿಂದ ಕಣಮ್ಮ."

ಚಿಕ್ಕಮ್ಮ ಸೆರಗು ಸರಿಸಿ ಆ ಕಾಲುಗಳನ್ನು ನೋಡಿದಳು. ಮಗಳ ಕಾಲು ಸೊಟ್ಟಗೆ ಮಾಡಿದ್ದು ತಾನೇ.

ಮರುದಿನದಿಂದ ಎಳೆಯ ಮೈಗೆ ಬರೀ ಎಣ್ಣೆ ಸವರಿ ಜಗಲಿಯ ಬಿಸಿಲಲ್ಲಿ ಕೂರಿಸಿದಳು. ಅತ್ತೆ ಮಾತು ಬಿಟ್ಟರು. ವಾರಗಳಲ್ಲೇ ಮುಖ ಕಪ್ಪಿಟ್ಟಿತು, ಕಾಲು ಮಾತ್ರ ಹಾಗೇ ಇತ್ತು. ಬಣ್ಣವೂ ಹೋಗಿ ಕಾಲೂ ಬಾರದಿದ್ದರೆ? ಡಾಕ್ಟರ ಲೆಕ್ಕವೇ ತಪ್ಪಾಗಿದ್ದರೆ? ದಿನಾ ಬೆಳಿಗ್ಗೆ ಮಗುವಿನ ಮೊಣಕಾಲು ಮುಟ್ಟಿ ನೋಡುತ್ತಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ ಮಗು ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟಿತು. ಅದಕ್ಕೂ ಅವಳಿಗೆ ಹೆದರಿಕೆ, ಎಲ್ಲಿ ಮೂಳೆ ಮುರಿಯುತ್ತದೋ ಎಂದು.

ಮಾರನೆಯ ಬೇಸಿಗೆಯ ಒಂದು ಸಂಜೆ ಬೀದಿಯಿಂದ ಚೀರಾಟ ಕೇಳಿತು. ಮೂಳೆ ಮುರಿದೇ ಹೋಯಿತೆಂದು ಚಿಕ್ಕಮ್ಮ ಒಲೆಯ ಮುಂದಿನಿಂದ ಹಾಗೇ ಎದ್ದೋಡಿದಳು. ಶಿವಗಂಗೆ ಮಣ್ಣಿನಲ್ಲಿ ಕೂತಿತ್ತು, ಮೊಣಕಾಲು ತರಚಿ ರಕ್ತ. "ಹೆಂಗೆ ಬಿದ್ಯೇ?" ಎಂದರೆ, ಬಿಕ್ಕುತ್ತಾ ದೂರದಲ್ಲಿ ಜಿಗಿಯುತ್ತಿದ್ದ ಕರುವನ್ನು ತೋರಿಸಿತು. "ಹಿಡ್ಕಳಾಕೆ ಓಡ್ದೆ."

ಚಿಕ್ಕಮ್ಮ ಬೀದಿಯಲ್ಲೇ ಮಗಳ ಪಕ್ಕ ಕೂತು, ಮಾತು ಬಿಟ್ಟ ಅತ್ತೆಯನ್ನು ಕೂಗಿ ಕರೆದಳು. "ಅತ್ತೆ, ಬನ್ನಿ ಇಲ್ಲಿ! ಓಡಿ ಬಿದ್ದವ್ಳೆ! ನಿಮ್ಮ ಮೊಮ್ಮಗಳು ಓಡಿ ಬಿದ್ದವ್ಳೆ!"