ಹಿಟ್ಟು ಮೆತ್ತಿದ ಕೈ

ಮೊಮ್ಮಗಳು ಹುಟ್ಟಿದ ಸುದ್ದಿಯನ್ನು ನಾನು ಯಾರಿಗೆ ಹೇಳಿಲ್ಲ ಎಂದು ಕೇಳಬೇಕು. ಊರಿನಲ್ಲಿ ಮೀನಿನವಳಿಗೆ ಹೇಳಿದೆ. ಬಸ್ಸಿನ ಕಂಡಕ್ಟರನಿಗೆ ಹೇಳಿದೆ. ಕಣ್ಣಿನ ಪೊರೆ ತೆಗೆಯಲು ಡಾಕ್ಟರು ದೀಪ ಹಿಡಿದು ಬಗ್ಗಿದ್ದಾಗ, ಅಲುಗಾಡಬೇಡಿ ಎಂದು ಅವರು ಹೇಳುತ್ತಿರುವಾಗಲೇ, ಅವರಿಗೂ ಹೇಳಿದೆ. ಮಗಳ ಮದುವೆಯಾಗಿ ಹನ್ನೊಂದು ವರ್ಷವಾದ ಮೇಲೆ ಹುಟ್ಟಿದ ಮಗು. ಬಾಯಿ ಮುಚ್ಚಿಕೊಂಡು ಹೇಗೆ ಇರುವುದು?

ಕಣ್ಣಿನ ಆಪರೇಷನ್ನಿನಿಂದಾಗಿ ನಾನು ಬಹರೈನಿಗೆ ಬರುವಾಗ ಮಗುವಿಗೆ ನಲವತ್ತು ದಿನ ತುಂಬಿತ್ತು. ಮಗಳು ಇಲ್ಲಿ ನರ್ಸ್. ಅಳಿಯ ಹೋಟೆಲಿನಲ್ಲಿ ಕೆಲಸ. ಅದ್ಲಿಯಾದಲ್ಲಿ ಮೂರನೇ ಮಾಳಿಗೆಯ ಮನೆ. ಬಿಲ್ಡಿಂಗಿನ ಕೆಳಗೆ ಒಂದು ಕೋಲ್ಡ್ ಸ್ಟೋರ್ ಇದೆ; ಹಾಲು, ಬ್ರೆಡ್ಡು, ಮೊಟ್ಟೆ ಮಾರುವ ಸಣ್ಣ ಅಂಗಡಿ. ಅಂಗಡಿಯವನು ನಮ್ಮ ಉಳ್ಳಾಲ ಕಡೆಯ ಬ್ಯಾರಿ. ಬಂದ ಮರುದಿನ ಬೆಳಿಗ್ಗೆಯೇ ನಾನು ಅವನಿಗೂ ಹೇಳಿಯಾಗಿತ್ತು.

"ಎಂತ ಅಮ್ಮಾ, ಇವತ್ತು ಎಷ್ಟು ಸಲ ನಗಾಡಿದಳು ನಿಮ್ಮ ರಾಣಿ?" ಎಂದು ಅವನು ದಿನವೂ ಕೇಳುತ್ತಿದ್ದ.

"ಆರು ಸಲ. ಒಂದು ಸಲ ನಿದ್ದೆಯಲ್ಲಿ. ಅದನ್ನೂ ಸೇರಿಸಬೇಕು."

"ಸೇರಿಸುವ, ಸೇರಿಸುವ. ನಿದ್ದೆಯಲ್ಲಿ ನಕ್ಕರೆ ಅಜ್ಜಿಯನ್ನು ಕನಸಲ್ಲಿ ಕಂಡದ್ದು."

ಇಷ್ಟೆಲ್ಲ ಹೇಳುವ ನಾನು ಒಂದನ್ನು ಯಾರಿಗೂ ಹೇಳಿರಲಿಲ್ಲ. ಬಂದು ಹದಿನೈದು ದಿನವಾದರೂ ನಾನು ಮಗುವನ್ನು ಬರಿಗೈಯಲ್ಲಿ ಮುಟ್ಟಿರಲಿಲ್ಲ. ಮಡಿಲಲ್ಲಿ ಟವೆಲು ಹಾಸಿ ಮಲಗಿಸಿಕೊಳ್ಳುತ್ತಿದ್ದೆ. ಎತ್ತಬೇಕಾಗಿ ಬಂದರೆ ಸೆರಗಿನಲ್ಲಿ ಕೈ ಸುತ್ತಿಕೊಂಡು ಎತ್ತುತ್ತಿದ್ದೆ. ನೆತ್ತಿಯ ಹತ್ತಿರ ಮೂಗು ತಂದು ವಾಸನೆ ಹಿಡಿಯುತ್ತಿದ್ದೆ, ಅಷ್ಟೇ. ಸ್ನಾನ ಮಾಡಿಸಲು ಪಕ್ಕದ ಬಿಲ್ಡಿಂಗಿನ ಒಬ್ಬ ಮಲಯಾಳಿ ಹೆಂಗಸು ಬರುತ್ತಿದ್ದಳು. ನೀನು ಮಾಡಿಸು ಎಂದು ಮಗಳು ಹೇಳಲಿಲ್ಲ, ನಾನು ಮಾಡಿಸುತ್ತೇನೆ ಎಂದು ನಾನೂ ಹೇಳಲಿಲ್ಲ. ಅಳಿಯ ಕೇಳಿದಾಗ, "ಕೈ ಸ್ವಲ್ಪ ನಡುಗುತ್ತದೆ" ಎಂದೆ. ನನ್ನ ಕೈ ನಡುಗುವುದಿಲ್ಲ.

ಅದರ ಹಿಂದಿನ ಕಥೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನಾನೂ ನನ್ನ ಗಂಡನೂ ಊರಿನಲ್ಲಿ ಒಬ್ಬ ದಣಿಗಳ ಗೇರು ತೋಟದಲ್ಲಿ ಇದ್ದವರು. ಗುಡ್ಡದ ತಲೆಯಲ್ಲಿ ದಣಿಗಳ ದೊಡ್ಡ ಮನೆ, ಗುಡ್ಡದ ಕಾಲಿಗೆ ನಮ್ಮ ಜೋಪಡಿ. ಬೀಜ ದಣಿಗಳಿಗೆ. ಹಣ್ಣನ್ನು ಹಿಂಡಿ, ರಸ ಹುಳಿ ಬರಿಸಿ, ಭಟ್ಟಿ ಇಳಿಸುವುದು ನಮ್ಮ ಕೆಲಸ. ಸರಕಾರದವರಿಗೆ ಗೊತ್ತಾಗಬಾರದ ಕೆಲಸ. ಅದರಲ್ಲಿ ನನ್ನ ಕೈ ಪಳಗಿತ್ತು. ದೊಡ್ಡ ಮಡಕೆಯ ಬಾಯಿಗೆ ಹುತ್ತದ ಮಣ್ಣು ಮೆತ್ತಿ ಮುಚ್ಚುವುದರಲ್ಲೇ ಎಲ್ಲ ಇರುವುದು. ಒಂದು ಕೂದಲೆಳೆಯಷ್ಟು ಸಂದು ಬಿಟ್ಟರೂ ಆವಿ ಅಲ್ಲಿಂದಲೇ ಹೋಗಿಬಿಡುತ್ತದೆ. ನಾನು ಮುಚ್ಚಿದ ಮಡಕೆ ಸೋರಿದ್ದಿಲ್ಲ. ಇಳಿದದ್ದರ ಹದ ನೋಡುವುದು ನನ್ನ ಗಂಡನ ಕೆಲಸ. ಹದ ನೋಡುವುದೆಂದರೆ ಕುಡಿದು ನೋಡುವುದು. ಮೊದಮೊದಲು ಒಂದು ಚಮಚ, ಆಮೇಲೆ ಚಿಪ್ಪು, ಆಮೇಲೆ ಲೋಟ. ಕಣ್ಣು ಹಳದಿಯಾಯಿತು, ಹೊಟ್ಟೆ ಊದಿತು. ಆಸ್ಪತ್ರೆಗೆ ಸೇರಿಸಿದ ವಾರವೂ ಹಣ್ಣು ರಾಶಿ ಬಿದ್ದಿತ್ತು, ಕೊಳೆತು ಹೋಗುತ್ತದೆ ಎಂದು ದಣಿಗಳು ಹೇಳಿ ಕಳಿಸಿದರು. ನಾನು ಬೆಳಿಗ್ಗೆ ಭಟ್ಟಿ ಹಾಕಿ, ಮಧ್ಯಾಹ್ನ ಆಸ್ಪತ್ರೆಗೆ ಹೋಗುತ್ತಿದ್ದೆ. ಅವರು ತೀರಿಕೊಂಡ ದಿನ ನನ್ನ ಉಗುರಿನ ಸಂದಿಯಲ್ಲಿ ಹುತ್ತದ ಮಣ್ಣು ಇತ್ತು.

ಮಣ್ಣು ಮಾಡಿ ಬಂದ ಮೇಲೆ ಮಗಳು ಅದನ್ನು ನೋಡಿದಳು. ಆಗ ಅವಳಿಗೆ ಹದಿನೇಳು. ಅಳಲಿಲ್ಲ. "ನನಗೆ ಮುಂದೆ ಮಕ್ಕಳಾದರೆ ಈ ಕೈಯಿಂದ ಮುಟ್ಟಿಸುವುದಿಲ್ಲ" ಎಂದಳು. ಮನೆ ತುಂಬ ಜನ ಇದ್ದರು. ಎಲ್ಲರೂ ಕೇಳಿದರು.

ನಾನು ಭಟ್ಟಿ ಬಿಟ್ಟೆ. ಗೇರುಬೀಜದ ಫ್ಯಾಕ್ಟರಿಗೆ ಸೇರಿದೆ. ಸಿಪ್ಪೆಯ ಎಣ್ಣೆಗೆ ಬೆರಳು ಕಪ್ಪಾಗಿ ಸುಲಿಯಿತು. ಆ ಕೈಯಿಂದಲೇ ಅವಳನ್ನು ನರ್ಸಿಂಗ್ ಓದಿಸಿದೆ. ಅವಳು ನನ್ನನ್ನು ಎಂದೂ ಕಡೆಗಣಿಸಲಿಲ್ಲ, ಫೋನು ತಪ್ಪಿಸಲಿಲ್ಲ. ಆದರೆ ಆ ಮಾತನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ಹನ್ನೊಂದು ವರ್ಷ ಮಗು ಆಗದಿದ್ದಾಗ ನಾನು ಪ್ರತಿ ಭಾನುವಾರ ಇಗರ್ಜಿಯ ಹಿಂದಿನ ಬೆಂಚಿನಲ್ಲಿ ಕೂತು, "ಸ್ವಾಮಿ, ಮಗು ಕೊಡು, ನಾನು ಮುಟ್ಟುವುದಿಲ್ಲ" ಎಂದು ಬೇಡಿಕೊಂಡಿದ್ದೇನೆ. ದೇವರು ಕೊಟ್ಟ. ಇನ್ನು ನಾನು ಮಾತು ತಪ್ಪುವುದು ಹೇಗೆ? ಅವಳಿಗೆ ಆ ಮಾತು ನೆನಪಿದೆಯೋ ಇಲ್ಲವೋ ಎಂದು ಕೇಳುವುದಾದರೂ ಹೇಗೆ? ಕೇಳಿದರೆ ನೆನಪು ಮಾಡಿಕೊಟ್ಟ ಹಾಗೆ.

ಮಗಳಿಗೆ ಹೆರಿಗೆಯಾದಾಗಿನಿಂದ ಹೊಟ್ಟೆಯುಬ್ಬರ. ಕೋಲ್ಡ್ ಸ್ಟೋರಿನವನು ಹೇಳಿದ, "ಇಲ್ಲಿಯವರು ಬಾಣಂತಿಗೆ ಖರ್ಜೂರದ ಹೊಂಬಾಳೆಯ ನೀರು ಕೊಡ್ತಾರೆ ಅಮ್ಮಾ. ಬಾಟ್ಲಿಯದ್ದು ಬೇಡ, ತೋಟದ ಹತ್ತಿರ ಒಬ್ಬ ಮುದುಕರು ಈಗಲೂ ಹಂಡೆ ಇಟ್ಟು ಇಳಿಸ್ತಾರೆ. ಈಗಲೇ ಹೊಂಬಾಳೆಯ ಕಾಲ. ಅಲ್ಲಿಂದ ತನ್ನಿ."

ಇಳಿಸುತ್ತಾರೆ ಎಂಬ ಮಾತಿಗೆ ನಾನು ಎರಡು ಕೈಯನ್ನೂ ಸೆರಗಿನೊಳಗೆ ಎಳೆದುಕೊಂಡೆ. ಆದರೆ ಅಳಿಯನಿಗೆ ಖುಷಿಯೋ ಖುಷಿ. ಶುಕ್ರವಾರ ರಜೆ ಇತ್ತು. ಮೊದಲು ಮುಹರ್ರಕ್‌ನಲ್ಲಿ ಮುತ್ತಿನ ವ್ಯಾಪಾರಿಯ ಹಳೆಯ ಮನೆ ನೋಡುವುದು, ಆಮೇಲೆ ನೀರು ತರುವುದು ಎಂದು ಹೊರಡಿಸಿದ. ಮಗುವಿಗೆ ಅದೇ ಮೊದಲ ತಿರುಗಾಟ. ನಾನು ಕಾರಿನ ಹಿಂದಿನ ಸೀಟಿನಲ್ಲಿ ಅವಳ ತೊಟ್ಟಿಲಿನ ಪಕ್ಕ ಕೂತೆ. ಸೇತುವೆಯ ಮೇಲೆ ಸಮುದ್ರ ಕಂಡಾಗ ಅವಳು ಕಣ್ಣು ಬಿಟ್ಟಳು. ಆ ದಿನದ ಏಳನೆಯ ನಗು ಅಲ್ಲೇ ಬಂತು!

ಅಳಿಯ ಇಲ್ಲಿಗೆ ಬರುವ ಮೊದಲು ಪ್ರವಾಸಿಗರ ದೊಡ್ಡ ಹಡಗಿನಲ್ಲಿ ಇದ್ದವನು. ಹಳೆಯ ಮನೆ ಎಂದಾಗ ಅವನಿಗೆ ಅದು ನೆನಪಾಯಿತು. ಮಗಳ ಹಾಗೆ ಅವನೂ ನನ್ನನ್ನು ಮಾಂಯ್, ಅಂದರೆ ಅಮ್ಮ, ಎಂದೇ ಕರೆಯುವುದು.

"ಕೆರಿಬಿಯನ್ ದ್ವೀಪದಲ್ಲಿ ಒಮ್ಮೆ ಹೀಗೆ ಕರ್ಕೊಂಡು ಹೋಗಿದ್ರು ಮಾಂಯ್. ಕಬ್ಬಿನ ತೋಟದ ದಣಿಯ ಬಂಗ್ಲೆ. ಪಿಂಗಾಣಿ ತೋರಿಸಿದ್ರು, ಪಿಯಾನೋ ತೋರಿಸಿದ್ರು, ಮಂಚ ತೋರಿಸಿದ್ರು. ಪಕ್ಕದಲ್ಲೇ ರಮ್ ಇಳಿಸುವ ಕಾರ್ಖಾನೆ. ಕಡೆಗೆ ಎಲ್ಲರಿಗೂ ಇಷ್ಟಿಷ್ಟೇ ಗ್ಲಾಸಲ್ಲಿ ರಮ್."

"ಕುಡಿಯಲಿಕ್ಕೆ ಹೋದದ್ದೋ, ಮನೆ ನೋಡಲಿಕ್ಕೋ?" ಎಂದಳು ಮಗಳು.

"ಕೇಳು ಮಾರಾಯ್ತಿ. ನಾನು ಕೇಳಿದೆ, ಕಬ್ಬು ಕಡಿದವರು ಎಲ್ಲಿ ಮಲಗ್ತಿದ್ರು ಅಂತ. ಗುಲಾಮರಲ್ವಾ ಅವರು. ಮನೆ ತೋರಿಸುವ ಹೆಂಗಸು ಅಲ್ಲಿಯವಳೇ, ಕಪ್ಪು ಜನ. ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹಿತ್ತಲಿಗೆ ಕರ್ಕೊಂಡು ಹೋದಳು. ಎಂತದೂ ಇಲ್ಲ ಮಾಂಯ್. ಬರೇ ಹುಲ್ಲು. ಇಲ್ಲಿ, ಅಂದಳು. ಬಂಗ್ಲೆ ಹಾಗೇ ನಿಂತಿದೆ, ಅವರದ್ದು ಒಂದು ಕಲ್ಲೂ ಇಲ್ಲ. ಮತ್ತೆ ನನಗೆ ಆ ರಮ್ ಇಳಿಯಲಿಲ್ಲ."

ನಮ್ಮ ದಣಿಗಳ ಮನೆ ಈಗಲೂ ಗುಡ್ಡದ ಮೇಲೆ ಇದೆ, ಹೊಸ ಸುಣ್ಣ ಹೊಡೆಸಿದ್ದಾರೆ. ನಮ್ಮ ಜೋಪಡಿ ಇದ್ದಲ್ಲಿ ಗೇರು ಸಸಿ ನೆಟ್ಟಿದ್ದಾರೆ.

ಮುತ್ತಿನ ವ್ಯಾಪಾರಿಯ ಮನೆ ಚೆಂದವೇ. ದಪ್ಪ ಗೋಡೆ, ಒಳಗೆ ತಂಪು ಅಂಗಳ, ಗೋಡೆಯ ಗಾರೆಯಲ್ಲೇ ಹೂವು ಕೆತ್ತಿದ್ದಾರೆ. ಮೇಲಿನ ಕೋಣೆಯ ಕಿಟಕಿಗೆ ಬಣ್ಣದ ಗಾಜು. ಕೆಂಪು, ಹಸಿರು ಬೆಳಕು ಮಗುವಿನ ಕೆನ್ನೆಯ ಮೇಲೆ ಬಿದ್ದಾಗ ನಾನು ಮೈಮರೆತೆ. ಕೆಳಗೆ ಒಂದು ಗಾಜಿನ ಪೆಟ್ಟಿಗೆಯಲ್ಲಿ ಮುತ್ತು ಹೆಕ್ಕಲು ಸಮುದ್ರಕ್ಕೆ ಮುಳುಗುವವರ ಸಾಮಾನು ಇಟ್ಟಿದ್ದರು. ಮೂಗಿಗೆ ಸಿಕ್ಕಿಸುವ ಒಂದು ಕ್ಲಿಪ್ಪು, ಕಾಲಿಗೆ ಕಟ್ಟುವ ಕಲ್ಲು, ಕುತ್ತಿಗೆಗೆ ಹಾಕುವ ಬುಟ್ಟಿ, ಹಗ್ಗ. ಇಷ್ಟು ದೊಡ್ಡ ಮನೆಯಲ್ಲಿ ಅವರದ್ದು ಅಷ್ಟೇ. ಮನೆ ತೋರಿಸುತ್ತಿದ್ದ ಹುಡುಗಿ ಹೇಳಿದ್ದನ್ನು ಅಳಿಯ ನನಗೆ ಹೇಳಿದ. ಒಬ್ಬ ಮುಳುಗಿದರೆ ಇನ್ನೊಬ್ಬ ದೋಣಿಯಲ್ಲಿ ಹಗ್ಗ ಹಿಡಿದು ಕೂತಿರಬೇಕು. ಕೆಳಗಿನವನು ಜಗ್ಗಿದ ಕೂಡಲೇ ಮೇಲಿನವನು ಎಳೆಯಬೇಕು. ಅವನ ಉಸಿರು ಇವನ ಕೈಯಲ್ಲಿ. ಅದಕ್ಕೆ ನಂಬಿಕೆಯವರನ್ನೇ ಕೂರಿಸುತ್ತಿದ್ದರಂತೆ.

ನಾನು ಆ ಹಗ್ಗವನ್ನು ತುಂಬ ಹೊತ್ತು ನೋಡಿದೆ. ನನ್ನ ಗಂಡ ಎಷ್ಟು ಸಲ ಜಗ್ಗಿದ್ದರು. "ಇನ್ನು ಸಾಕು ಕಾಣ್ತದೆ ನನಗೆ, ಬೇರೆ ಎಲ್ಲಿಗಾದರೂ ಹೋಗುವ" ಎಂದು ಅವರೇ ಹೇಳಿದ್ದುಂಟು. ಈ ಮಳೆಗಾಲ ಕಳೆಯಲಿ ಎನ್ನುತ್ತಿದ್ದೆ ನಾನು. ಹಗ್ಗ ನನ್ನ ಕೈಯಲ್ಲಿಯೇ ಇತ್ತು. ನಾನು ಎಳೆಯಲಿಲ್ಲ.

ತಿರುಗಿದರೆ ಮಗಳು ಮಗುವನ್ನು ಹೆಗಲಿಗೆ ಹಾಕಿಕೊಂಡು ನನ್ನ ಹಿಂದೆಯೇ ನಿಂತಿದ್ದಳು. "ಹೋಗುವ ಮಾಂಯ್" ಎಂದಳು ಮೆಲ್ಲಗೆ.

ನೀರು ಇಳಿಸುವ ಜಾಗ ಖರ್ಜೂರದ ತೋಟದ ಅಂಚಿನಲ್ಲಿ, ಗರಿ ಹೊದೆಸಿದ ಒಂದು ಚಪ್ಪರ. ಬಿಳಿ ಗಡ್ಡದ ಮುದುಕರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಹಿಂದಿ ಚೆನ್ನಾಗಿ ಬರುತ್ತಿತ್ತು, ನಮ್ಮವರ ಜೊತೆ ಬಹಳ ವರ್ಷ ಕೆಲಸ ಮಾಡಿದವರಂತೆ. ಹಂಡೆ ತಾಮ್ರದ್ದು, ಕೆಳಗೆ ಗ್ಯಾಸಿನ ಉರಿ. ಹಂಡೆಯ ತಲೆಯಿಂದ ಒಂದು ಕೊಳವೆ ಹೊರಟು ನೀರಿನ ತೊಟ್ಟಿಯೊಳಗೆ ಹಾದು ಆಚೆ ಬಾಟಲಿಗೆ ಇಳಿಯುತ್ತಿತ್ತು. ನಮ್ಮಲ್ಲಿ ಮಡಕೆ, ಬಿದಿರಿನ ನಳಿಗೆ. ಬೇರೆ ಎಲ್ಲ ಅದೇ. ಹನಿ ಬೀಳುವ ಸದ್ದು ಕೂಡ ಅದೇ.

ನಾನು ದೂರ ನಿಂತೆ. ಮುದುಕರು ಅಳಿಯನಿಗೆ ಬಾಟಲಿಗಳ ಸಾಲು ತೋರಿಸಲು ಆಚೆ ಹೋದರು. ಆಗ ನನಗೆ ಕೇಳಿಸಿತು. ಹಂಡೆಯ ಮುಚ್ಚಳದ ಬದಿಯಿಂದ ಸಣ್ಣಗೆ ಸುಂಯ್ ಎನ್ನುವ ಸದ್ದು. ಇಲ್ಲಿ ಮಣ್ಣಿಗೆ ಬದಲು ಮೈದಾ ಹಿಟ್ಟು ಮೆತ್ತುತ್ತಾರೆ. ಅದು ಒಣಗಿ ಬಿರುಕು ಬಿಟ್ಟಿತ್ತು.

ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ಮಾಡುತ್ತಿರಲಿಲ್ಲ. ಪಕ್ಕದ ಬೋಗುಣಿಯಲ್ಲಿದ್ದ ಹಿಟ್ಟಿನ ಮುದ್ದೆಯಿಂದ ಒಂದು ತುಂಡು ಮುರಿದೆ, ಬೆರಳು ಒದ್ದೆ ಮಾಡಿದೆ, ಬತ್ತಿಯ ಹಾಗೆ ಹೊಸೆದೆ, ಬಿರುಕಿನ ಉದ್ದಕ್ಕೆ ಇಟ್ಟು ಹೆಬ್ಬೆರಳಿನಿಂದ ಕೆಳಗಿನಿಂದ ಮೇಲಕ್ಕೆ ಒತ್ತಿಕೊಂಡು ಹೋದೆ. ಸುಟ್ಟಿತು. ಬಿಡಲಿಲ್ಲ. ಸದ್ದು ನಿಂತಿತು. ಕೈಯ ಹಿಂಬದಿಯನ್ನು ತೊಟ್ಟಿಯ ನೀರಿಗೆ ಮುಟ್ಟಿಸಿದೆ. ಬಿಸಿಯಾಗಿತ್ತು. "ನೀರು ಬದಲಿಸಬೇಕು" ಎಂದೆ, ನಮ್ಮ ಭಾಷೆಯಲ್ಲಿಯೇ, ಯಾರಿಗೋ.

ಮುದುಕರು ತಿರುಗಿ ನೋಡಿದರು. ಹಂಡೆಯ ಹತ್ತಿರ ಬಂದು ಬಗ್ಗಿ, ನಾನು ಮೆತ್ತಿದ್ದನ್ನು ಸುತ್ತ ನೋಡಿದರು. ತೊಟ್ಟಿಗೆ ತಣ್ಣೀರು ಬಿಟ್ಟರು. ಆಮೇಲೆ ಹಿಂದಿಯಲ್ಲಿ, "ಈ ಕೆಲಸ ಎಲ್ಲಿ ಕಲಿತಿರಿ ತಾಯಿ?" ಎಂದರು.

ಮಗಳ ಮುಖ ನೋಡುವ ಧೈರ್ಯ ಬರಲಿಲ್ಲ. ನಾನು ನನ್ನ ಎರಡು ಕೈಯನ್ನೇ ನೋಡುತ್ತಾ ನಿಂತೆ. ಉಗುರಿನ ಸಂದಿಯಲ್ಲಿ ಬಿಳಿ ಹಿಟ್ಟು.

ಉತ್ತರ ಕೊಟ್ಟದ್ದು ಮಗಳು. ಆಸ್ಪತ್ರೆಯಲ್ಲಿ ಕಲಿತ ಅರಬಿಯಲ್ಲಿ ಏನೋ ಉದ್ದಕ್ಕೆ ಹೇಳಿದಳು. ನನಗೆ ಅದರಲ್ಲಿ ಗೊತ್ತಾದದ್ದು ಒಂದೇ ಶಬ್ದ, ಉಮ್ಮಿ. ನನ್ನ ಅಮ್ಮ ಎಂದು ಅದರ ಅರ್ಥ. ಅದನ್ನು ಅವಳು ಎರಡು ಸಲ ಹೇಳಿದಳು. ಮುದುಕರು ಎದೆಯ ಮೇಲೆ ಕೈ ಇಟ್ಟು ನನಗೆ ತಲೆ ಬಾಗಿಸಿದರು.

ಅಷ್ಟರಲ್ಲಿ ಮಗು ಎದ್ದು ಅಳತೊಡಗಿತು. ಮಗಳು ನನ್ನ ಎದುರಿಗೆ ಬಂದು ಮಗುವನ್ನು ನೀಡಿದಳು.

"ಹಿಡಿ ಮಾಂಯ್."

"ಕೈ ತೊಳೆದು ಬರ್ತೇನೆ ಮಗಾ. ಹಿಟ್ಟು ಉಂಟು."

"ತೊಳೆಯುವುದು ಬೇಡ. ಹಿಡಿ."

ನನ್ನ ಕೈ ತಾನಾಗಿಯೇ ಸೆರಗಿಗೆ ಹೋಯಿತು. ಅವಳು ಸೆರಗನ್ನು ಎಳೆದು ನನ್ನ ಹೆಗಲಿಗೆ ಹಾಕಿದಳು. "ಬಂದಾಗಿನಿಂದ ನೋಡ್ತಾ ಇದ್ದೇನೆ" ಎಂದಳು. "ನಾನು ಹದಿನೇಳು ವರ್ಷದವಳು ಮಾಂಯ್ ಆಗ."

"ನಾನು ದೇವರಿಗೆ ಹೇಳಿಬಿಟ್ಟಿದ್ದೇನೆ, ಮುಟ್ಟುವುದಿಲ್ಲ ಅಂತ."

"ದೇವರಿಗೆ ನಾನು ಹೇಳಿಕೊಳ್ತೇನೆ. ಹಿಡಿ ಈಗ, ನನ್ನ ಕೈ ಸೋತಿತು."

ಹಿಡಿದೆ. ಒಂದು ಕೈ ಕತ್ತಿನ ಕೆಳಗೆ, ಒಂದು ಕೈ ಕುಂಡೆಯ ಕೆಳಗೆ. ಕತ್ತಿನ ಹಿಂದೆ ಬೆವರಿತ್ತು, ಬೆಣ್ಣೆಯ ಹಾಗೆ ಜಾರುವ ಚರ್ಮ. ಈ ಕೈ ಮಣ್ಣು ಮುಟ್ಟಿದೆ, ಬೆಂಕಿ ಮುಟ್ಟಿದೆ, ಸಿಪ್ಪೆಯ ಎಣ್ಣೆ ಮುಟ್ಟಿದೆ. ಇಷ್ಟು ಮೆತ್ತಗಿನದು ಲೋಕದಲ್ಲಿ ಉಂಟೆಂದು ಅದಕ್ಕೆ ಮರೆತೇ ಹೋಗಿತ್ತು. ಮಗು ಸುಮ್ಮನಾಯಿತು. ನಾನು ಸುಮ್ಮನಾಗಲಿಲ್ಲ. ಅಳಿಯ ಬಾಟಲಿ ಹಿಡಿದುಕೊಂಡು ಬಂದವನು ನಮ್ಮಿಬ್ಬರನ್ನು ನೋಡಿ ಖರ್ಜೂರದ ಮರದ ತುದಿ ನೋಡುತ್ತಾ ನಿಂತ.

ಮುದುಕರು ಸಣ್ಣ ಲೋಟದಲ್ಲಿ ಹೊಸ ನೀರು ತಂದು ಮಗಳಿಗೆ ಕೊಟ್ಟರು. ನಾನು ರೂಢಿಯಂತೆ, "ಮೊದಲು ಇಳಿದದ್ದನ್ನು ಚೆಲ್ಲಿದ್ದಾರಾ ಕೇಳು" ಎಂದೆ. ಸಾರಾಯಿಯಲ್ಲಿ ಮೊದಲು ಇಳಿದದ್ದು ವಿಷ, ಅದನ್ನು ಚೆಲ್ಲಲೇಬೇಕು. ಅಳಿಯ ಕೇಳಿದ. ಮುದುಕರು ನಕ್ಕರು. ಇದರಲ್ಲಿ ಚೆಲ್ಲುವಂಥದ್ದು ಏನೂ ಇಲ್ಲ, ಇದು ಹೂವು ಮತ್ತು ನೀರು, ಎಂದರು. ಮಗಳು ಅರ್ಧ ಕುಡಿದು ಉಳಿದರ್ಧವನ್ನು ನನ್ನ ಬಾಯಿಗೆ ಹಿಡಿದಳು, ನನ್ನ ಕೈ ತುಂಬಿತ್ತಲ್ಲ. ಸ್ವಲ್ಪ ಕಹಿ, ಮೇಲೆ ಹೊಂಬಾಳೆಯ ಪರಿಮಳ. ಭಟ್ಟಿಯಿಂದ ಇಳಿದದ್ದನ್ನು ಕುಡಿದು ಶಿಲುಬೆಯ ಗುರುತು ಹಾಕಬೇಕೆನಿಸಿದ್ದು ಅದೇ ಮೊದಲು.

ಮನೆಗೆ ಬಂದ ಮೇಲೆ ನೋಡಿದರೆ ಮಗುವಿನ ಕಿವಿಯ ಹಿಂದೆ ಹಿಟ್ಟು ಒಣಗಿ ಅಂಟಿತ್ತು. ಮರುದಿನ ಮಲಯಾಳಿ ಹೆಂಗಸಿಗೆ ಮಗಳೇ ಫೋನು ಮಾಡಿ, ಇನ್ನು ಬರುವುದು ಬೇಡ ಎಂದಳು. ನಾನು ನೆಲದ ಮೇಲೆ ಕಾಲು ಚಾಚಿ ಕೂತು, ಕಾಲಿನ ಮೇಲೆ ಅವಳನ್ನು ಮಲಗಿಸಿ, ಮೊದಲು ಆ ಹಿಟ್ಟನ್ನೇ ಬಿಸಿನೀರಿನಲ್ಲಿ ನೆನೆಸಿ ತೆಗೆದೆ.

ಕೆಳಗೆ ಹಾಲಿಗೆ ಹೋದಾಗ ಅಂಗಡಿಯವನು ಕೇಳಿದ, "ನೀರು ಸಿಕ್ಕಿತಾ ಅಮ್ಮಾ? ಇವತ್ತು ಎಷ್ಟು ಸಲ ನಗಾಡಿದಳು?"

"ಲೆಕ್ಕ ಮಾಡಲಿಕ್ಕೆ ಪುರುಸೊತ್ತು ಆಗಲಿಲ್ಲ ಮಾರಾಯಾ" ಎಂದೆ. "ನಾನು ಸ್ನಾನ ಮಾಡಿಸುತ್ತಾ ಇದ್ದೆ."